ಪಡುಗಡೆಯ ನಾಲ್ಕು ಕಿಟಕಿ

ನಮ್ಮ ಮನೆಗೆ ಹನ್ನೊಂದು ಕಿಟಕಿ. ಅಜ್ಜ 1962ರಲ್ಲಿ ಕಟ್ಟಿಸಿದ ಮನೆ ಇದು. ಮೂಡಿಗೆರೆಯಿಂದ ಕೊಟ್ಟಿಗೆಹಾರದ ಕಡೆ ಹೋಗುವಾಗ ಬಣಕಲ್ ದಾಟಿ ಸ್ವಲ್ಪ ಒಳಗೆ ಬರಬೇಕು. ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ, ಮಂಗಳೂರು ಹೆಂಚು, ಹಲಸಿನ ಮರದ ಚೌಕಟ್ಟು, ನಡುವೆ ಕಬ್ಬಿಣದ ಸರಳು. ಹನ್ನೊಂದರಲ್ಲಿ ಏಳು ಕಿಟಕಿ ಇವತ್ತಿಗೂ ಗಟ್ಟಿಯಾಗಿವೆ. ಹಾಳಾಗಿದ್ದು ನಾಲ್ಕೇ. ಆ ನಾಲ್ಕೂ ಪಡುಗಡೆಯ ಗೋಡೆಯಲ್ಲಿದ್ದವು.

ಇಷ್ಟು ಸರಳವಾದ ವಿಷಯ ನನಗೆ ಮೊದಲ ವರ್ಷ ಕಾಣಲಿಲ್ಲ. ಹಳೇ ಮನೆ, ಹಳೇ ಮರ, ಹನ್ನೊಂದನ್ನೂ ಕಿತ್ತು ಹೊಸದು ಹಾಕಿಸಿಬಿಡೋಣ ಅಂತ ತೀರ್ಮಾನ ಮಾಡಿದ್ದೆ. ಒಂದನ್ನು ಹಾಕಿಸಿ ನೋಡಿ ಉಳಿದದ್ದನ್ನು ಆಮೇಲೆ ಮಾಡಿಸೋಣ ಎಂದವಳು ನನ್ನ ಹೆಂಡತಿ. ಅವಳ ಆ ಒಂದು ಮಾತಿನಿಂದ ಆ ವರ್ಷ ಹತ್ತು ಕಿಟಕಿ ಉಳಿದವು.

ಮೊದಲ ಕಿಟಕಿ ಹಾಕಿಸಿದ್ದು 2022ರ ಮಾರ್ಚ್‌ನಲ್ಲಿ. ನಮ್ಮ ಕಡೆ ಮನೆ ಕೆಲಸಕ್ಕೆ ಅದೇ ಸಮಯ. ಕಾಫಿ ಕೊಯ್ಲು ಮುಗಿದಿರುತ್ತದೆ, ಕಣ ಖಾಲಿ ಇರುತ್ತದೆ, ಆಳು ಸಿಗುತ್ತಾರೆ. ಹೂವಿನ ಮಳೆ ಒಂದೆರಡು ಸಲ ಬಂದು ಹೋದರೂ ಕೆಲಸ ಕೆಡುವುದಿಲ್ಲ. ಅವ್ವ ಮಲಗುವ ಕೋಣೆಯ ಕಿಟಕಿ ಎಲ್ಲಕ್ಕಿಂತ ಜಾಸ್ತಿ ಹಾಳಾಗಿತ್ತು. ಚೌಕಟ್ಟಿನ ಕೆಳಗಿನ ಪಟ್ಟಿಗೆ ಸ್ಕ್ರೂ ಡ್ರೈವರ್ ಒತ್ತಿದರೆ ಬೆಣ್ಣೆಗೆ ಇಳಿದ ಹಾಗೆ ಎರಡು ಇಂಚು ಒಳಗೆ ಹೋಗುತ್ತಿತ್ತು. ಅಲ್ಲಿಗೆ ಯುಪಿವಿಸಿ ಅನ್ನುವ ಗಟ್ಟಿ ಪ್ಲಾಸ್ಟಿಕ್ಕಿನ ಸ್ಲೈಡಿಂಗ್ ಕಿಟಕಿ ಹಾಕಿಸಿದೆ. ನಾಲ್ಕಡಿಗೆ ನಾಲ್ಕಡಿ. ಗೆದ್ದಲಿಲ್ಲ, ಬಣ್ಣ ಬೇಡ, ಮಳೆಗೆ ಉಬ್ಬುವುದಿಲ್ಲ. ಕೇಳಿದ್ದೆಲ್ಲ ನಿಜವೇ. ಫಿಟ್ಟಿಂಗ್ ಸೇರಿ ಹದಿನಾಲ್ಕು ಸಾವಿರ ಆಯಿತು. ಕಿಟಕಿ ಚೆನ್ನಾಗಿ ಕಂಡಿತು. ಕೋಣೆಗೆ ಬೆಳಕು ಬಂತು. ಅವ್ವನಿಗೂ ಖುಷಿ.

ಆರಿದ್ರಾ ಮಳೆ ಹಿಡಿದ ಮೂರನೇ ದಿನ ಅವ್ವನ ಹಾಸಿಗೆಯ ಅಂಚು ಒದ್ದೆಯಾಯಿತು.

ನೀರು ಎಲ್ಲಿಂದ ಬರುತ್ತಿದೆ ಎಂದು ಹುಡುಕಲು ನನಗೆ ಒಂದು ವಾರ ಬೇಕಾಯಿತು. ಕೊಡೆ ಹಿಡಿದುಕೊಂಡು ಹೊರಗೆ ನಿಂತು ನೋಡಿದೆ, ಒಳಗೆ ಟಾರ್ಚ್ ಹಿಡಿದು ನೋಡಿದೆ. ಒಂದಲ್ಲ, ಮೂರು ತಪ್ಪು ಒಟ್ಟಿಗೆ ಸೇರಿದ್ದವು.

ಮೊದಲನೆಯದು ಸ್ಲೈಡಿಂಗ್. ಜಾರುವ ಬಾಗಿಲಿಗೆ ಕೆಳಗೆ ಹಳಿ ಇರುತ್ತದೆ. ಗಾಜಿಗೆ ಬಡಿದ ನೀರೆಲ್ಲ ಆ ಹಳಿಗೆ ಇಳಿಯುತ್ತದೆ. ಅಲ್ಲಿಂದ ಹೊರಗೆ ಹರಿದು ಹೋಗಲು ಚೌಕಟ್ಟಿನ ಹೊರಮೈಯಲ್ಲಿ ಉದ್ದುದ್ದ ಸಣ್ಣ ತೂತು ಬಿಟ್ಟಿರುತ್ತಾರೆ. ನಮ್ಮ ಕಿಟಕಿಗೂ ಎರಡು ತೂತು ಇದ್ದವು. ಆದರೆ ಸುತ್ತ ಗಾರೆ ಮೆತ್ತುವಾಗ ಸಿಮೆಂಟ್ ಹೋಗಿ ಆ ಎರಡನ್ನೂ ಮುಚ್ಚಿತ್ತು. ಹಳಿ ತುಂಬಿದ ನೀರು ಗಾಳಿಗೆ ಒಳಗೆ ತುಳುಕುತ್ತಿತ್ತು. ತೂತು ಬಿಡಿಸಿದ ಮೇಲೂ ಜೋರು ಗಾಳಿಯಲ್ಲಿ ಸೋರುವುದು ಪೂರ್ತಿ ನಿಲ್ಲಲಿಲ್ಲ. ಜಾರುವ ಬಾಗಿಲು ಸಲೀಸಾಗಿ ಜಾರಬೇಕಾದರೆ ಚೌಕಟ್ಟಿಗೂ ಅದಕ್ಕೂ ನಡುವೆ ಸಂದು ಇರಲೇಬೇಕು. ಆ ಸಂದಿಗೆ ಕೂರಿಸಿರುವುದು ಬ್ರಶ್ಶಿನಂಥ ನೂಲು. ಘಟ್ಟ ಹತ್ತಿ ಬರುವ ಗಾಳಿ ಅದಕ್ಕೆ ಜಗ್ಗುವುದಿಲ್ಲ.

ಎರಡನೆಯದು ಗೋಡೆ. ಯುಪಿವಿಸಿ ಚೌಕಟ್ಟನ್ನು ಉದ್ದದ ಸ್ಕ್ರೂ ಹಾಕಿ ಗೋಡೆಗೆ ಬಿಗಿಯುತ್ತಾರೆ. ಇಟ್ಟಿಗೆ ಗೋಡೆಗೆ, ಕಾಂಕ್ರೀಟಿಗೆ ಅದು ಸರಿ. ಮಣ್ಣಿನ ಗೋಡೆಯಲ್ಲಿ ಸ್ಕ್ರೂ ತಿರುಗಿಸಿದಷ್ಟೂ ಮಣ್ಣು ಪುಡಿಯಾಗುತ್ತದೆ. ಜುಲೈ ಹೊತ್ತಿಗೆ ಚೌಕಟ್ಟನ್ನು ಕೈಯಲ್ಲಿ ತಳ್ಳಿದರೆ ಅಲ್ಲಾಡುತ್ತಿತ್ತು. ಅಲ್ಲಾಡಿದ ಕಡೆ ಸಿಲಿಕೋನ್ ಬಿಟ್ಟುಕೊಂಡಿತ್ತು.

ಮೂರನೆಯದು ಕಿಟಕಿಯ ದಂಡೆ. ಇದೇ ದೊಡ್ಡ ತಪ್ಪು, ಮತ್ತು ಇದು ಹೊಸ ಕಿಟಕಿಯಿಂದ ಆಗಿದ್ದಲ್ಲ. ದಂಡೆ ಮಟ್ಟಸವಾಗಿತ್ತು, ಇನ್ನೂ ಹೇಳಬೇಕೆಂದರೆ ಒಳಗಿನ ಕಡೆಗೇ ಒಂದು ಚೂರು ಇಳಿಜಾರಿತ್ತು. ಗೋಡೆಗೆ ಬಡಿದ ನೀರು ಅಲ್ಲಿ ನಿಂತು ನಿಧಾನವಾಗಿ ಒಳಗೆ ಇಂಗುತ್ತಿತ್ತು. ಹಲಸಿನ ಪಟ್ಟಿಯನ್ನು ಲಡ್ಡು ಹಿಡಿಸಿದ್ದು ಇದೇ ನೀರು. ಕಾರಣವನ್ನು ಅಲ್ಲೇ ಬಿಟ್ಟು ನಾನು ಮರವನ್ನು ಮಾತ್ರ ಬದಲಾಯಿಸಿದ್ದೆ.

ಕಿಟಕಿ ಹಾಕಿದವರನ್ನು ಕರೆಸಿದೆ. ಬಂದರು, ಹೊರಗಿನಿಂದ ಇನ್ನೊಂದು ಸುತ್ತು ಸಿಲಿಕೋನ್ ಹಚ್ಚಿ ಹೋದರು. ಮೇಲಿನಿಂದ ಒಳಗೆ ಸೇರಿದ ನೀರು ಅಷ್ಟೋ ಇಷ್ಟೋ ಕೆಳಗಿನ ಸಂದಿನಲ್ಲಿ ಹೊರಗೆ ಬರುತ್ತಿತ್ತು. ಅದೂ ಮುಚ್ಚಿಹೋಯಿತು. ಪುಷ್ಯ ಮಳೆಯ ಹೊತ್ತಿಗೆ ಕಿಟಕಿಯ ಕೆಳಗೆ ಒಳಗೋಡೆಯ ಸುಣ್ಣ ಎದ್ದು ಬಂತು. ಅವ್ವನ ಮಂಚವನ್ನು ನಡುಮನೆಗೆ ಹಾಕಿದೆವು.

ಹಾಗೆ ಮಂಚ ಸಾಗಿಸಿದ ದಿನ ಅವ್ವ ಒಂದು ಮಾತು ಕೇಳಿದಳು. "ನಿನ್ನಜ್ಜ ಇರೋವರೆಗೂ ಈ ಗೋಡೆಗೆ ಒಂದು ಹನಿ ನೀರು ಬಿದ್ದಿರಲಿಲ್ಲ. ತಟ್ಟಿ ಕಟ್ಟೋದನ್ನ ಯಾಕೆ ಬಿಟ್ರಿ?"

ಮಲೆನಾಡಿನ ಹಳಬರಿಗೆ ಇದು ಗೊತ್ತು. ಮೃಗಶಿರ ಮಳೆಗೆ ಮುಂಚೆ ಪಡುಗಡೆಯ ಗೋಡೆಗೆ, ಜಗಲಿಗೆ, ಕೊಟ್ಟಿಗೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು. ಇರಚಲು ಗೋಡೆ ಮುಟ್ಟದಂತೆ ಅದು ತಡೆಯುತ್ತಿತ್ತು. ಮಳೆಗಾಲ ಮುಗಿದ ಮೇಲೆ ಬಿಚ್ಚಿ ಗೊಬ್ಬರದ ಗುಂಡಿಗೆ ಹಾಕುತ್ತಿದ್ದರು. ನಮ್ಮಲ್ಲಿ ತಟ್ಟಿ ನಿಂತು ಇಪ್ಪತ್ತು ವರ್ಷದ ಮೇಲಾಗಿದೆ. ಕಟ್ಟುವ ಆಳಿಲ್ಲ, ಕೋಣೆ ಕತ್ತಲಾಗುತ್ತದೆ, ನೋಡಲು ಚೆನ್ನಾಗಿಲ್ಲ ಎಂದು ನಾವೇ ಬಿಟ್ಟಿದ್ದು. ಹಲಸಿನ ಕಿಟಕಿ ನಲವತ್ತು ವರ್ಷ ತಟ್ಟಿಯ ಹಿಂದೆ ಬೆಚ್ಚಗಿತ್ತು. ತಟ್ಟಿ ಹೋದ ಇಪ್ಪತ್ತೇ ವರ್ಷದಲ್ಲಿ ಕೊಳೆಯಿತು. ಮೂಡುಗಡೆಯಲ್ಲಿ ಜಗಲಿಯ ಮಾಡು ಮುಂದೆ ಚಾಚಿದೆ, ಅಲ್ಲಿ ಮಳೆಯೇ ತಾಗುವುದಿಲ್ಲ. ನಮ್ಮ ಮಳೆ ಬರುವುದು ಕಡಲ ಕಡೆಯಿಂದ, ಚಾರ್ಮಾಡಿ ಘಾಟಿ ಹತ್ತಿ. ಅದು ಬಡಿಯುವುದು ಒಂದೇ ಗೋಡೆಗೆ. 2019ರ ಆಗಸ್ಟ್‌ನಲ್ಲಿ ಘಾಟಿಯಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚಿತ್ತಲ್ಲ, ಆ ವಾರ ನಮ್ಮ ಪಡುಗಡೆಯ ಗೋಡೆ ಒಳಗಿನಿಂದಲೂ ಬೆವರಿತ್ತು. ಆಗಲೇ ನನಗೆ ಅರ್ಥವಾಗಬೇಕಿತ್ತು.

ಅವ್ವನ ಮಾತಿನ ಮೇಲೆ ಹನ್ನೊಂದರ ಲೆಕ್ಕ ಬಿಟ್ಟೆ. ಪಡುಗಡೆಯ ನಾಲ್ಕನ್ನು ಮಾತ್ರ ಹೊಸದಾಗಿ ಮಾಡುವುದು, ಅದೂ ತಟ್ಟಿಯ ಕೆಲಸವನ್ನು ಕಿಟಕಿಯೇ ಮಾಡುವ ಹಾಗೆ ಮಾಡುವುದು ಎಂದುಕೊಂಡೆ. 2023ರ ಫೆಬ್ರುವರಿಯಲ್ಲಿ ಶುರು ಮಾಡಿದೆವು. ಕೆಲಸಕ್ಕೆ ಬಂದವರು ಮರಗೆಲಸ ಮಾಡುವ ನಮ್ಮೂರಿನ ಹಿರಿಯ ಆಚಾರ್ರು ಮತ್ತು ಒಬ್ಬ ಗಾರೆ ಮೇಸ್ತ್ರಿ. ಅವರ ಜೊತೆ ನಾನು ಎರಡು ತಿಂಗಳು ದಿನವೂ ನಿಂತೆ, ಕೈಲಾದಷ್ಟು ಕೆಲಸವನ್ನೂ ಮಾಡಿದೆ.

ಮರ ಹೊಸದಾಗಿ ತರಲಿಲ್ಲ. ಹಳೇ ಕೊಟ್ಟಿಗೆ ಬಿಚ್ಚಿದಾಗ ಇಳಿಸಿದ ಹಲಸಿನ ತೊಲೆಗಳು ಮೋಟಾರ್ ಶೆಡ್ಡಿನಲ್ಲಿ ಮಲಗಿದ್ದವು. ಐವತ್ತು ವರ್ಷ ಒಣಗಿದ ಮರ. ಅದಕ್ಕಿಂತ ಒಳ್ಳೆಯದು ಎಲ್ಲಿ ಸಿಗುತ್ತದೆ? ಒಂದೇ ಎಚ್ಚರಿಕೆ, ಹಳೇ ಮೊಳೆಗಳು ಒಳಗೆ ಉಳಿದಿರುತ್ತವೆ. ಮಿಲ್ಲಿಗೆ ಒಯ್ಯುವ ಮುಂಚೆ ಒಂದೊಂದು ತೊಲೆಯ ಮೇಲೂ ಅಯಸ್ಕಾಂತ ಎಳೆದು ಮೊಳೆ ಹುಡುಕಿ ಕಿತ್ತೆವು. ಗರಗಸದ ಪಟ್ಟಿಗೆ ಮೊಳೆ ಸಿಕ್ಕರೆ ಪಟ್ಟಿಯೂ ಹೋಗುತ್ತದೆ, ಎದುರಿಗಿದ್ದವರಿಗೂ ಅಪಾಯ.

ಹಳೇ ಚೌಕಟ್ಟು ಕೀಳುವುದು ಎಲ್ಲಕ್ಕಿಂತ ಸೂಕ್ಷ್ಮದ ಕೆಲಸ. ಅಲ್ಲಿ ಅವಸರ ಮಾಡಬೇಡಿ. ನಮ್ಮಂಥ ಮನೆಗಳಲ್ಲಿ ಕಿಟಕಿಯ ಮೇಲೆ ಕಾಂಕ್ರೀಟ್ ಲಿಂಟಲ್ ಇರುವುದಿಲ್ಲ. ದಪ್ಪ ಹಲಗೆಗಳನ್ನು ಸಾಲಾಗಿ ಇಟ್ಟು ಅದರ ಮೇಲೆ ಗೋಡೆ ಎತ್ತಿರುತ್ತಾರೆ. ವರ್ಷಗಳು ಕಳೆದ ಹಾಗೆ ಹಲಗೆ ಜಗ್ಗಿ, ಅರ್ಧ ಭಾರ ಚೌಕಟ್ಟಿನ ಮೇಲೇ ಕುಳಿತಿರುತ್ತದೆ. ಚೌಕಟ್ಟು ತೆಗೆದ ಕೂಡಲೇ ಮೇಲಿನ ಮಣ್ಣು ಇಳಿಯಬಹುದು. ನಾವು ಮೊದಲು ಹಲಗೆಯ ಅಡಿಗೆ ಒಳಗೊಂದು ಹೊರಗೊಂದು ಅಡ್ಡ ಪಟ್ಟಿ ಕೊಟ್ಟು, ಸಿಲ್ವರ್ ಓಕ್ ಮರದ ಗಳಗಳನ್ನು ಊರಿ, ಬುಡಕ್ಕೆ ಬೆಣೆ ಹೊಡೆದು ಬಿಗಿ ಮಾಡಿದೆವು. ಮೂರನೇ ಕಿಟಕಿಯ ಹಲಗೆಯನ್ನು ಗೆದ್ದಲು ಒಳಗಿಂದ ಪೂರ್ತಿ ತಿಂದಿತ್ತು. ಹೊರಗೆ ಸುಣ್ಣ ಬಳಿದಿದ್ದರಿಂದ ಏನೂ ಕಂಡಿರಲಿಲ್ಲ. ಆಚಾರ್ರು ಕೊಡತಿಯಲ್ಲಿ ತಟ್ಟಿ, ಟೊಳ್ಳು ಸದ್ದು ಕೇಳಿ, "ಗೌಡ್ರೇ, ಇದ್ರೊಳಗೆ ಮರ ಇಲ್ಲ" ಎಂದರು. ಆಸರೆ ಕೊಡದೆ ಚೌಕಟ್ಟು ಕಿತ್ತಿದ್ದರೆ ಏನಾಗುತ್ತಿತ್ತೋ. ಅವತ್ತು ಎಲ್ಲ ಕೆಲಸ ನಿಲ್ಲಿಸಿ ಹೊಸ ತೊಲೆ ಕೂರಿಸಿದೆವು.

ಹಳೇ ಚೌಕಟ್ಟಿನ ಮೇಲಿನ ಮತ್ತು ಕೆಳಗಿನ ಪಟ್ಟಿಗಳು ಎರಡೂ ಬದಿಗೆ ಅರ್ಧ ಅಡಿ ಗೋಡೆಯೊಳಗೆ ಚಾಚಿಕೊಂಡಿರುತ್ತವೆ. ಇಡೀ ಚೌಕಟ್ಟನ್ನು ಒಟ್ಟಿಗೆ ಎಳೆದರೆ ಗೋಡೆಯೇ ಕಿತ್ತು ಬರುತ್ತದೆ. ಅದಕ್ಕೆ ಎರಡೂ ಪಕ್ಕದ ಕಂಬಗಳನ್ನು ನಡುವೆ ಗರಗಸದಲ್ಲಿ ಕೊಯ್ದು, ಸರಳುಗಳನ್ನು ಬಿಡಿಸಿ, ಒಂದೊಂದೇ ತುಂಡನ್ನು ಒಳಗಡೆಗೆ ಎಳೆದುಕೊಂಡೆವು. ಸರಳು ಎಸೆಯಲಿಲ್ಲ. ತುಕ್ಕು ಉಜ್ಜಿ, ರೆಡ್ ಆಕ್ಸೈಡ್ ಹಚ್ಚಿ ಹೊಸ ಚೌಕಟ್ಟಿಗೆ ಅವನ್ನೇ ಪೋಣಿಸಿದೆವು.

ಅಳತೆ ತೆಗೆದುಕೊಳ್ಳುವುದು ಇದಾದ ಮೇಲೆಯೇ. ಗಾರೆ ಇರುವಾಗ ತೆಗೆದ ಅಳತೆ ನಂಬಬೇಡಿ. ಸುತ್ತ ಸಡಿಲ ಗಾರೆ ಉದುರಿಸಿ, ಅಗಲವನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ ಹಿಡಿಯಬೇಕು. ಎತ್ತರವೂ ಹಾಗೆಯೇ. ಆಮೇಲೆ ಮೂಲೆಯಿಂದ ಮೂಲೆಗೆ ಎರಡು ಕಡೆ. ನಮ್ಮ ಒಂದು ಕಿಟಕಿಯಲ್ಲಿ ಮೂಲೆ ಅಳತೆಗಳು ಒಂದಕ್ಕೊಂದು ಒಂದೂಕಾಲು ಇಂಚು ವ್ಯತ್ಯಾಸ ಬಂದವು. ಗೋಡೆ ವಾಲಿದೆ ಎಂದರ್ಥ. ಚೌಕಟ್ಟನ್ನು ಗೋಡೆಯ ಜೊತೆ ವಾಲಿಸಬಾರದು. ಚಿಕ್ಕ ಅಳತೆ ಹಿಡಿದು ಮೂಲೆಮಟ್ಟಕ್ಕೆ ಸರಿಯಾಗಿ ಚೌಕಟ್ಟು ಮಾಡಿ, ಸಂದನ್ನು ಗಾರೆಯಲ್ಲಿ ತುಂಬಬೇಕು.

ಈಗ ದಂಡೆಯ ವಿಷಯ. ನನ್ನನ್ನು ಕೇಳಿದರೆ ಕಿಟಕಿಗಿಂತ ದಂಡೆಗೇ ಜಾಸ್ತಿ ತಲೆ ಕೆಡಿಸಿಕೊಳ್ಳಬೇಕು. ಕರಿ ಗ್ರಾನೈಟಿನ ಚಪ್ಪಡಿ ತರಿಸಿದೆವು. ಅದು ಚೌಕಟ್ಟಿನ ಅಡಿಗೆ ಎರಡು ಇಂಚು ಒಳಗೆ ಹೋಗಬೇಕು, ಹೊರಗೆ ಗೋಡೆಯಿಂದ ಎರಡು ಇಂಚು ಮುಂದೆ ಬರಬೇಕು. ಎರಡೂ ಪಕ್ಕ ಗೋಡೆಯೊಳಗೆ ಒಂದೊಂದು ಇಂಚು ಸೇರಬೇಕು. ಹೊರಗಡೆಗೆ ಎಂಟು ಇಂಚಿಗೆ ಅರ್ಧ ಇಂಚು ಇಳಿಜಾರು ಕೊಟ್ಟೆವು. ಮುಂದೆ ಚಾಚಿದ ಅಂಚಿನ ಅಡಿಭಾಗದಲ್ಲಿ ತುದಿಯಿಂದ ಮುಕ್ಕಾಲು ಇಂಚು ಒಳಗೆ, ಬೆರಳಿನ ಅರ್ಧ ಅಗಲದ ಒಂದು ಗೆರೆಯನ್ನು ಉದ್ದಕ್ಕೂ ಮೆಷಿನ್ನಿನಲ್ಲಿ ಕೊರೆಸಿದೆವು. ಈ ಗೆರೆ ಕಣ್ಣಿಗೇ ಕಾಣುವುದಿಲ್ಲ. ಆದರೆ ಅದಿಲ್ಲದಿದ್ದರೆ ನೀರು ಕಲ್ಲಿನ ಅಡಿಮೈಗೆ ಅಂಟಿಕೊಂಡು ಹಿಂದಕ್ಕೆ ಹರಿದು ಮತ್ತೆ ಗೋಡೆಗೇ ಹೋಗುತ್ತದೆ. ಗೆರೆ ಇದ್ದರೆ ಅಲ್ಲೇ ತಡೆದು ಹನಿಯಾಗಿ ನೆಲಕ್ಕೆ ಬೀಳುತ್ತದೆ. ಕಲ್ಲು ಕೂರಿಸಿ ಎರಡು ದಿನ ಬಿಟ್ಟು, ಚೌಕಟ್ಟು ಇಡುವ ಮುಂಚೆ, ಒಂದು ಚೊಂಬು ನೀರು ಸುರಿದು ನೋಡಿ. ಒಂದು ಕಿಟಕಿಯಲ್ಲಿ ನೀರು ಎಡ ಮೂಲೆಗೆ ಸೇರುತ್ತಿತ್ತು. ಮೇಸ್ತ್ರಿ ಬೇಜಾರು ಮಾಡಿಕೊಳ್ಳದೆ ಕಲ್ಲು ಎಬ್ಬಿಸಿ ಮತ್ತೆ ಕೂರಿಸಿದರು. ಅವರ ಆ ತಾಳ್ಮೆಗೆ ನಾನು ಋಣಿ.

ಗಾರೆಗೆ ಸಿಮೆಂಟ್ ಬೇಡವೆಂದೆ. ಮಣ್ಣಿನ ಗೋಡೆ ಮಳೆಗಾಲದಲ್ಲಿ ತೇವ ಎಳೆದುಕೊಳ್ಳುತ್ತದೆ, ಬೇಸಿಗೆಯಲ್ಲಿ ಬಿಡುತ್ತದೆ. ಮೇಲೆ ಗಟ್ಟಿ ಸಿಮೆಂಟ್ ಹೊದಿಸಿದರೆ ಆ ತೇವ ಒಳಗೇ ಉಳಿದು ಮಣ್ಣು ಪುಡಿಯಾಗುತ್ತದೆ, ಸಿಮೆಂಟ್ ಹೆಕ್ಕಳೆಯಾಗಿ ಬೀಳುತ್ತದೆ. ಅರಳಿಸಿದ ಸುಣ್ಣ ಒಂದು ಪಾಲು, ಮರಳು ಮೂರು ಪಾಲು, ಸ್ವಲ್ಪ ಸುಟ್ಟ ಇಟ್ಟಿಗೆ ಪುಡಿ. ಗೋಡೆಗೆ ಕಚ್ಚು ಹೊಡೆದು, ನೀರು ಚಿಮುಕಿಸಿ, ಎರಡು ಸಲವಾಗಿ ಮೆತ್ತಿದೆವು. ಸುಣ್ಣದ ಗಾರೆ ನಿಧಾನ. ಒದ್ದೆ ಗೋಣಿ ಹೊದಿಸಿ ಹತ್ತು ದಿನ ಕಾಯಬೇಕಾಯಿತು.

ಚೌಕಟ್ಟು ನಿಲ್ಲಿಸಲು ಪಕ್ಕಕ್ಕೆ ಮೂರು ಮೂರು ಹೋಲ್ಡ್‌ಫಾಸ್ಟ್, ಅಂದರೆ ಚೌಕಟ್ಟನ್ನು ಗೋಡೆಗೆ ಹಿಡಿದಿಡುವ ಕಬ್ಬಿಣದ ಪಟ್ಟಿ. ಮಣ್ಣಿಗೆ ನೇರವಾಗಿ ಹೊಡೆದರೆ ಹಿಡಿಯುವುದಿಲ್ಲ ಅಂತ ಮೊದಲ ಕಿಟಕಿ ಕಲಿಸಿತ್ತಲ್ಲ. ಹಾಗಾಗಿ ಒಂದೊಂದು ಕಡೆಯೂ ಒಂಬತ್ತು ಇಂಚಿನ ಗೂಡು ತೆಗೆದು, ಅದರೊಳಗೆ ಸುಟ್ಟ ಇಟ್ಟಿಗೆಯನ್ನು ಸುಣ್ಣದ ಗಾರೆಯಲ್ಲಿ ಕಟ್ಟಿ, ಹೋಲ್ಡ್‌ಫಾಸ್ಟನ್ನು ಆ ಇಟ್ಟಿಗೆಯ ನಡುವೆ ಸಿಕ್ಕಿಸಿದೆವು. ಮರದ ಬೆನ್ನಿಗೆ, ಅಂದರೆ ಗೋಡೆಯೊಳಗೆ ಹೋಗುವ ಮೈಗೆ, ಗೇರೆಣ್ಣೆ (ಗೇರು ಬೀಜದ ಸಿಪ್ಪೆಯಿಂದ ತೆಗೆದ ಎಣ್ಣೆ) ಎರಡು ಸಲ ಹಚ್ಚಿದೆವು. ಗೆದ್ದಲು ಅದರ ಹತ್ತಿರ ಬರುವುದಿಲ್ಲ. ಕೈಗೆ ಗ್ಲೌಸ್ ಬೇಕೇ ಬೇಕು. ಹಸಿ ಗೇರೆಣ್ಣೆ ಚರ್ಮಕ್ಕೆ ತಾಗಿದರೆ ಸುಟ್ಟ ಹಾಗೆ ಬೊಬ್ಬೆ ಏಳುತ್ತದೆ. ಕಂಬದ ಅಡ್ಡ ಕೊಯ್ದ ತುದಿಗಳಿಗೆ ಮೂರು ಸಲ ಹಚ್ಚಿ. ಮರ ನೀರು ಕುಡಿಯುವುದು ಆ ತುದಿಯಿಂದಲೇ.

ಬಾಗಿಲುಗಳ ದಿಕ್ಕನ್ನೂ ಬದಲಾಯಿಸಿದೆ. ಹಳೇ ಬಾಗಿಲು ಒಳಗೆ ತೆರೆಯುತ್ತಿದ್ದವು. ಅಂಥ ಬಾಗಿಲನ್ನು ಗಾಳಿ ಒಳಕ್ಕೆ ತಳ್ಳುತ್ತದೆ, ಸಂದು ಬಿಡುತ್ತದೆ, ಬಾಗಿಲ ಮೈಯ ನೀರು ಸೀದಾ ಒಳಗೆ ಇಳಿಯುತ್ತದೆ. ಹೊರಗೆ ತೆರೆಯುವ ಬಾಗಿಲು ಮಾಡಿದರೆ ಅದೇ ಗಾಳಿ ಬಾಗಿಲನ್ನು ಚೌಕಟ್ಟಿಗೆ ಒತ್ತಿ ಹಿಡಿಯುತ್ತದೆ. ಚೌಕಟ್ಟಿನಲ್ಲಿ ಬಾಗಿಲು ಬಂದು ಕೂರುವ ಮೆಟ್ಟಿಲಿಗೆ ರಬ್ಬರ್ ಪಟ್ಟಿ ಅಂಟಿಸಿದೆವು. ಗಾಳಿ ಜೋರಾದಷ್ಟೂ ಬಾಗಿಲು ಬಿಗಿಯಾಗುತ್ತದೆ. ಸರಳುಗಳ ನಡುವೆ ನಾಲ್ಕಿಂಚು ಜಾಗ ಇರುವುದರಿಂದ ಕೈ ಹಾಕಿ ಚಿಲಕ ತೆಗೆಯಬಹುದು. ಒಳಗಡೆಗೆ ಸೊಳ್ಳೆ ಮೆಶ್‌ನ ಹಗುರ ಬಾಗಿಲು. ಬಾಗಿಲಿನ ಕೆಳ ಅಂಚಿಗೂ ಹೊರಗಡೆ ಒಂದು ಓರೆ ಪಟ್ಟಿ ಕೊಟ್ಟಿದ್ದೇವೆ, ಅದರ ಅಡಿಗೂ ಕಲ್ಲಿಗೆ ಕೊರೆದಂಥದ್ದೇ ಗೆರೆ ಇದೆ. ಸ್ಕ್ರೂ, ಹಿಂಜ್ ಎಲ್ಲ ಸ್ಟೇನ್‌ಲೆಸ್ ಸ್ಟೀಲ್. ಗಾಜು ಐದು ಮಿಲಿಮೀಟರ್.

ಒಂದು ವಿಷಯದಲ್ಲಿ ನಾನೂ ಆಚಾರ್ರೂ ವಾದ ಮಾಡಿದೆವು. ಏಪ್ರಿಲ್‌ನಲ್ಲಿ ಬಾಗಿಲು ಕೂರಿಸಿದಾಗ ಸುತ್ತ ಸಂದು ಜಾಸ್ತಿ ಕಂಡಿತು. ಇನ್ನೂ ಬಿಗಿ ಮಾಡಿ ಎಂದೆ. ಅವರು ಒಪ್ಪಲಿಲ್ಲ. "ಗೌಡ್ರೇ, ಈಗ ಮರ ಒಣಗೈತೆ. ಮಳೇಲಿ ಕುಡಿದು ದಪ್ಪ ಆಗ್ತದೆ. ಈಗ್ಲೇ ಬಿಗಿ ಮಾಡಿದ್ರೆ ಆಷಾಢದಲ್ಲಿ ಬಾಗ್ಲು ಹಾಕಕ್ಕೆ ನನ್ನ ಕರೀತೀರಿ." ಎರಡು ರೂಪಾಯಿ ನಾಣ್ಯ ಸಲೀಸಾಗಿ ಹೋಗುವಷ್ಟು ಸಂದು ಬಿಟ್ಟರು. ಜುಲೈ ಬಂದಾಗ ಆ ಸಂದಿಗೆ ಗಟ್ಟಿ ಕಾಗದ ಮಾತ್ರ ಹೋಗುತ್ತಿತ್ತು.

ಉಳಿದ ಏಳು ಕಿಟಕಿಗೆ ರಿಪೇರಿ ಸಾಕಾಯಿತು. ಎರಡರಲ್ಲಿ ಬಾಗಿಲಿನ ಕೆಳಗಿನ ಪಟ್ಟಿ ಮಾತ್ರ ಹೋಗಿತ್ತು. ಹಾಳಾದಷ್ಟನ್ನು ಓರೆಗೆ ಕೊಯ್ದು ಅದೇ ಮರದ ತುಂಡು ಸೇರಿಸಿದರು. ಬಣ್ಣ ಮಾತ್ರ ಎಲ್ಲಕ್ಕೂ ಹೊಸದು. ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ಹಳೇ ಆಯಿಲ್ ಪೇಂಟಿನಲ್ಲಿ ಸೀಸ ಇರುವ ಸಾಧ್ಯತೆ ಜಾಸ್ತಿ. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿಗೆ 90 ಪಾಲು, ಮೀರಬಾರದು ಎಂಬ ನಿಯಮ ನಮ್ಮಲ್ಲಿ ಜಾರಿಯಾಗಿದ್ದು 2017ರ ನವೆಂಬರಿನಿಂದ. ಅದಕ್ಕೂ ಹಿಂದಿನ ಪದರಗಳನ್ನು ಒಣದಾಗಿ ಉಜ್ಜಿದರೆ ಆ ಪುಡಿ ಮನೆಯೊಳಗೆಲ್ಲ ಹರಡುತ್ತದೆ, ಮಕ್ಕಳ ಮೈಗೆ ಸೇರುತ್ತದೆ. ನಾವು ಬಾಗಿಲುಗಳನ್ನು ಬಿಚ್ಚಿ ಕಣಕ್ಕೆ ಒಯ್ದು, ಕೆಳಗೆ ಪ್ಲಾಸ್ಟಿಕ್ ಹಾಸಿ, ನೀರು ಹಾಕಿಕೊಂಡು ವಾಟರ್ ಪೇಪರಿನಲ್ಲಿ ಉಜ್ಜಿದೆವು. ಆ ದಿನಗಳಲ್ಲಿ ಮಗಳನ್ನು ಕಣದ ಕಡೆ ಬಿಡಲಿಲ್ಲ. ಮೆತ್ತಿದ್ದ ಬಣ್ಣವನ್ನೆಲ್ಲ ಪ್ಲಾಸ್ಟಿಕ್ಕಿನಲ್ಲೇ ಸುತ್ತಿ ತೆಗೆದೆವು.

ಯುಪಿವಿಸಿ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಹಾಸನದಲ್ಲಿ ನನ್ನ ತಂಗಿಯ ಮನೆಗೆ ಪೂರ್ತಿ ಅದೇ ಇದೆ. ಇಟ್ಟಿಗೆ ಗೋಡೆ, ಕಾಂಕ್ರೀಟ್ ಲಿಂಟಲ್, ಮೇಲೆ ಎರಡಡಿ ಸಜ್ಜಾ. ನಮ್ಮಲ್ಲಿ ಬೀಳುವ ಮಳೆಯ ಅರ್ಧದಷ್ಟೂ ಅಲ್ಲಿ ಬೀಳುವುದಿಲ್ಲ. ಅಲ್ಲಿ ಸ್ಲೈಡಿಂಗ್ ಕಿಟಕಿ ಯಾವ ತೊಂದರೆಯೂ ಇಲ್ಲದೆ ಕೂತಿದೆ. ನಮ್ಮ ಮನೆಯ ಹದಿನಾಲ್ಕು ಸಾವಿರದ ಕಿಟಕಿಯನ್ನೂ ಬಿಸಾಡಲಿಲ್ಲ. ಅವ್ವನ ಕೋಣೆಯಿಂದ ಕಿತ್ತು, ಮೂಡುಗಡೆ ಹೊಸದಾಗಿ ಇಟ್ಟಿಗೆಯಲ್ಲಿ ಕಟ್ಟಿದ ಸ್ಟೋರ್ ರೂಮಿಗೆ ಹಾಕಿದೆ. ಅಲ್ಲಿ ಅದು ಗಟ್ಟಿಯಾಗಿ ನಿಂತಿದೆ, ತೂತುಗಳೂ ತೆರೆದಿವೆ.

ನಾಲ್ಕು ಕಿಟಕಿಯ ಕೆಲಸ ಮೇ ಎರಡನೇ ವಾರ ಮುಗಿಯಿತು. ಆ ವರ್ಷ ಮಳೆ ಕೈಕೊಟ್ಟಿತು. ಎಲ್ಲ ಕಡೆ ಬರ. ಕಿಟಕಿ ಚೆನ್ನಾಗಿದೆ ಅಂತ ಬಂದವರು ಹೇಳಿದರೂ ನನಗೆ ಸಮಾಧಾನ ಇರಲಿಲ್ಲ. 2024ರ ಜುಲೈನಲ್ಲಿ ಮಳೆ ನಿಜವಾಗಿ ಹಿಡಿಯಿತು. ಪುನರ್ವಸು ಮಳೆಯಲ್ಲಿ ನಾಲ್ಕು ದಿನ ಕರೆಂಟಿಲ್ಲ, ಗಾಳಿಗೆ ತೋಟದಲ್ಲಿ ಸಿಲ್ವರ್ ಮರಗಳು ಉರುಳುತ್ತಿದ್ದವು. ರಾತ್ರಿ ಎರಡು ಸಲ ಎದ್ದು ಟಾರ್ಚ್ ಹಿಡಿದು ಅವ್ವನ ಕೋಣೆಗೆ ಹೋದೆ. ದಂಡೆಯ ಮೇಲೆ, ಚೌಕಟ್ಟಿನ ಮೂಲೆಗೆ, ಕೆಳಗಿನ ಗೋಡೆಗೆ ಕೈ ಇಟ್ಟು ನೋಡಿದೆ. ಒಣಗಿತ್ತು. ಹೊರಗೆ ಕಲ್ಲಿನ ತುದಿಯಿಂದ ನೀರು ಸಾಲಾಗಿ ಕೆಳಗೆ ಬೀಳುವ ಸದ್ದು ಕೇಳುತ್ತಿತ್ತು. ಎರಡನೇ ಸಲ ಹೋದಾಗ ಅವ್ವ ಎಚ್ಚರವಾಗಿದ್ದಳು. "ನೀನು ಹೋಗಿ ಮಲಗು, ನನ್ನ ಹಾಸಿಗೆ ಬೆಚ್ಚಗೈತೆ" ಅಂದಳು.

ಒಂದು ಕಡೆ ಮಾತ್ರ ತೇವ ಕಂಡಿತು. ನಾಲ್ಕನೇ ಕಿಟಕಿಯ ಬಲ ಮೇಲ್ಮೂಲೆಯಲ್ಲಿ, ತೊಲೆಗೂ ಗಾರೆಗೂ ನಡುವೆ ಕೂದಲೆಳೆಯ ಬಿರುಕು. ಅದಕ್ಕೆ ಕಾರಣ ಹೆಂಚಿನ ಮಾಡು ಆ ಮೂಲೆಯಲ್ಲಿ ಗಿಡ್ಡವಾಗಿರುವುದು. ಕೊಯ್ಲು ಮುಗಿದ ಮೇಲೆ ಅಲ್ಲಿ ರೀಪು ಚಾಚಿ ಎರಡು ಸಾಲು ಹೆಂಚು ಮುಂದಕ್ಕೆ ತಂದೆವು. ಆ ತನಕ, ಆ ಒಂದು ಮೂಲೆಗೆ, ಸೋಗೆ ತಟ್ಟಿಯನ್ನೇ ಕಟ್ಟಿದ್ದೆ. ಹೆಣೆಯುವುದನ್ನು ಅವ್ವ ಕೂತು ಹೇಳಿಕೊಟ್ಟಳು.